ಬೋಯಿಂಕ್ ಟಾಸ್ಕ್‌ಗಳು ರಾತ್ರಿಯಿಡೀ ಸಸ್ಪೆಂಡ್ ಆಗ್ತಿದ್ವು, ಸರಿ ಮಾಡ್ಕೊಂಡಿದ್ದು ಹೀಗೆ

ಬೋಯಿಂಕ್ ಅಂದ್ರೆ ನಮ್ಮ ಕಂಪ್ಯೂಟರಿನ ಬಿಡುವಿನ ಹೊತ್ತಲ್ಲಿ ವಿಜ್ಞಾನಿಗಳ ಲೆಕ್ಕ ಮಾಡಿಕೊಡೋ ಪ್ರೋಗ್ರಾಮ್, ಟಾಸ್ಕ್ ಅಂದ್ರೆ ಪ್ರಾಜೆಕ್ಟಿನ ಸರ್ವರಿಂದ ಬರೋ ಒಂದೊಂದು ತುಂಡು ಲೆಕ್ಕ. ನಾನು ಅದನ್ನ ಹಾಕ್ಕೊಂಡಿದ್ದು ಅನ್ಯಗ್ರಹ ಜೀವಿಗಳ ಸಂಕೇತ ಹುಡುಕೋ ಸೆಟಿ ಅಟ್ ಹೋಮ್‌ಗೋಸ್ಕರ. 1999ರಲ್ಲಿ ಶುರುವಾದ ಪ್ರಾಜೆಕ್ಟು, 2020ರ ಮಾರ್ಚ್ ಕೊನೆಗೆ ಹೊಸ ಕೆಲಸ ಕಳಿಸೋದು ನಿಲ್ಲಿಸ್ತು, ಆಮೇಲೆ ರೊಸೆಟ್ಟಾ ಅಟ್ ಹೋಮ್ ಮತ್ತೆ ಐನ್‌ಸ್ಟೈನ್ ಅಟ್ ಹೋಮ್ ಸೇರ್ಕೊಂಡೆ. ಒಂದರಲ್ಲಿ ಪ್ರೋಟೀನ್ ಹೇಗೆ ಮಡಚ್ಕೊಳುತ್ತೆ ಅನ್ನೋ ಲೆಕ್ಕ, ಇನ್ನೊಂದರಲ್ಲಿ ಪಲ್ಸಾರ್ ಅನ್ನೋ, ಗಿರಗಿರ ತಿರುಗೋ ನಕ್ಷತ್ರಗಳನ್ನ ಹುಡುಕೋದು. ಮನೇಲಿದ್ದಿದ್ದು ನಾಲ್ಕು ಕೋರಿನ, 8 ಜಿಬಿ ರ‍್ಯಾಮಿನ ಡೆಸ್ಕ್‌ಟಾಪ್. ನಾವು ಮಲಗಿರೋ ಹೊತ್ತಲ್ಲಿ ಅದು ಇಂಥ ಕೆಲಸಕ್ಕೆ ಬರುತ್ತಲ್ಲ ಅನ್ನೋದೇ ನಂಗೆ ದೊಡ್ಡ ಖುಷಿ.

2021ರ ಮಳೆಗಾಲದಲ್ಲಿ ಒಂದಿನ ಬೆಳಿಗ್ಗೆ ನೋಡಿದ್ರೆ ರಾತ್ರಿಯೆಲ್ಲ ಮಿಷಿನ್ ಆನ್ ಇದ್ರೂ ಒಂದು ಟಾಸ್ಕೂ ಮುಗಿದಿಲ್ಲ. ಮಾರನೇ ದಿನಾನೂ ಅದೇ ಕಥೆ. ಸರ್ವರ್ ಕಡೆ ಏನೋ ಆಗಿದೆ ಅಂದ್ಕೊಂಡು ಅಪ್‌ಡೇಟ್ ಒತ್ತಿದೆ, ಏನೂ ಆಗ್ಲಿಲ್ಲ, ಕೊನೆಗೆ ಎರಡು ಟಾಸ್ಕ್ ಅಬಾರ್ಟ್, ಅಂದ್ರೆ ಪೂರ್ತಿ ರದ್ದು, ಮಾಡ್ಬಿಟ್ಟೆ. ಮಾಡ್ಬಾರ್ದಿತ್ತು. ಒಂದು ಅರ್ಧಕ್ಕಿಂತ ಮೇಲೆ ಓಡಿತ್ತು, ಈಗ್ಲೂ ನೆನೆಸ್ಕೊಂಡ್ರೆ ಬೇಜಾರಾಗುತ್ತೆ.

ಆಮೇಲೆ ಅಡ್ವಾನ್ಸ್ಡ್ ವ್ಯೂಗೆ ಹೋಗಿ ಸ್ಟೇಟಸ್ ಕಾಲಮ್ ಸರಿಯಾಗಿ ಓದ್ದೆ. 'ವೇಟಿಂಗ್ ಟು ರನ್' ಅಂತಿದ್ರೆ ತಲೆ ಕೆಡಿಸ್ಕೋಬೇಕಿಲ್ಲ, ಅದು ಸರದಿ ಕಾಯ್ತಿರುತ್ತೆ ಅಷ್ಟೆ. ನನ್ನದ್ರಲ್ಲಿ ಇದ್ದಿದ್ದು 'ಸಸ್ಪೆಂಡೆಡ್', ಅಂದ್ರೆ ಕೆಲಸ ತಡೆದು ನಿಲ್ಲಿಸಿದ್ದು. ಕಂಟ್ರೋಲ್ ಶಿಫ್ಟ್ ಇ ಒತ್ತಿದ್ರೆ ಈವೆಂಟ್ ಲಾಗ್ ಬರುತ್ತೆ, ಅದರಲ್ಲಿ ರಾತ್ರಿ ಎರಡು ಗಂಟೆಯಿಂದ ಒಂದೇ ಸಮ 'ಸಸ್ಪೆಂಡಿಂಗ್ ಕಂಪ್ಯೂಟೇಶನ್ - ಸಿಪಿಯು ಈಸ್ ಬ್ಯುಸಿ', ಸ್ವಲ್ಪ ಹೊತ್ತಿಗೆ 'ರೆಸ್ಯೂಮಿಂಗ್', ತಿರ್ಗಾ ಸಸ್ಪೆಂಡ್, ಹೀಗೆ ಪುಟಗಟ್ಲೆ. ಬೇರೆ ಪ್ರೋಗ್ರಾಮ್‌ಗಳು ಸಿಪಿಯು 25 ಪರ್ಸೆಂಟ್ ದಾಟಿ ತಗೊಂಡ್ರೆ ಬೋಯಿಂಕ್ ತಾನಾಗೇ ಪಕ್ಕಕ್ಕೆ ಸರಿಯುತ್ತೆ, ಆಗಿನ ಡೀಫಾಲ್ಟ್ ಸೆಟ್ಟಿಂಗೇ ಹಾಗಿತ್ತು. ನಮ್ಮ ಆ್ಯಂಟಿವೈರಸ್ ಫುಲ್ ಸ್ಕ್ಯಾನ್ ಕೂತಿದ್ದೂ ಸರಿಯಾಗಿ ಅದೇ ಹೊತ್ತಿಗೆ.

ಇನ್ನೂ ದೊಡ್ಡ ನಷ್ಟ ಬೇರೆ ಕಡೆ ಇತ್ತು. ಒಂದು ರೊಸೆಟ್ಟಾ ಟಾಸ್ಕ್ ನೋಡ್ತಾ ಕೂತಿದ್ದೆ, ಸಮಯ 5 ಗಂಟೆ 12 ನಿಮಿಷ ತೋರಿಸ್ತಿತ್ತು, ಸಸ್ಪೆಂಡ್ ಆಗಿ ಮತ್ತೆ ಶುರುವಾದಾಗ 4 ಗಂಟೆ 47 ನಿಮಿಷಕ್ಕೆ ಬಂದ್ಬಿಡ್ತು! ಪ್ರಾಪರ್ಟೀಸ್ ತೆಗೆದ್ರೆ ಕೊನೇ ಚೆಕ್‌ಪಾಯಿಂಟ್ (ಅಲ್ಲೀವರೆಗಿನ ಕೆಲಸ ಡಿಸ್ಕಿಗೆ ಉಳಿಸ್ಕೊಂಡ ಹಂತ) ಆದ್ಮೇಲೆ ಎಷ್ಟು ಸಿಪಿಯು ಟೈಮ್ ಹೋಗಿದೆ ಅಂತ ಕಾಣುತ್ತೆ, ಮೆಮೊರಿಯಿಂದ ಟಾಸ್ಕ್ ಹೊರಗೆ ಹೋದ್ರೆ ಅಷ್ಟೂ ಕೆಲಸ ನೀರುಪಾಲು. ಪ್ರಿಫರೆನ್ಸಲ್ಲಿ ಸಸ್ಪೆಂಡ್ ಆದಾಗ ಟಾಸ್ಕ್‌ನ ಮೆಮೊರಿಯಲ್ಲೇ ಬಿಡೋ ಆಪ್ಷನ್ ಇದೆ, ನಂದ್ರಲ್ಲಿ ಅದಕ್ಕೆ ಟಿಕ್ ಇರ್ಲಿಲ್ಲ.

ಸರಿ ಅಂತ ಪ್ರಾಜೆಕ್ಟ್ ವೆಬ್‌ಸೈಟಲ್ಲಿ ಟಿಕ್ ಹಾಕಿ, ಆ ಸಿಪಿಯು ಮಿತಿ 25ನ್ನ 60 ಮಾಡಿ ಸೇವ್ ಮಾಡಿದೆ. ಏನೂ ಬದಲಾಗ್ಲಿಲ್ಲ. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯ್ತು, ಕೊನೆಗೆ ಲಾಗ್‌ನ ಮೇಲ್ಗಡೆ 'ರೀಡಿಂಗ್ ಪ್ರಿಫರೆನ್ಸಸ್ ಓವರ್‌ರೈಡ್ ಫೈಲ್' ಅನ್ನೋ ಸಾಲು ಕಣ್ಣಿಗೆ ಬಿತ್ತು. ಯಾವತ್ತೋ ಕಂಪ್ಯೂಟರಲ್ಲೇ ಸೆಟ್ಟಿಂಗ್ ಮುಟ್ಟಿದ್ದೆ, ಹಾಗೆ ಮುಟ್ಟಿದ್ರೆ ವೆಬ್‌ನಲ್ಲಿ ಏನು ಬರೆದ್ರೂ ಲೋಕಲ್‌ದೇ ನಡೆಯೋದು. ಹಾಗಾಗಿ ಬದಲಾವಣೆ ಎಲ್ಲ ಕಂಪ್ಯೂಟರಲ್ಲಿರೋ ಬೋಯಿಂಕ್ ಮ್ಯಾನೇಜರಲ್ಲೇ ಮಾಡ್ದೆ, ಆ್ಯಂಟಿವೈರಸ್ ಸ್ಕ್ಯಾನ್‌ನ ಭಾನುವಾರ ಮಧ್ಯಾಹ್ನಕ್ಕೆ ತಳ್ಳಿದೆ.

ಆಕ್ಟಿವಿಟಿ ಮೆನುನಲ್ಲಿ 'ರನ್ ಆಲ್ವೇಸ್' ಒತ್ತಿದ್ರೆ ಈ ಷರತ್ತೆಲ್ಲ ಪಕ್ಕಕ್ಕಿಟ್ಟು ಓಡುತ್ತೆ ನಿಜ, ಆದ್ರೆ ಮಗಳು ಆನ್‌ಲೈನ್ ಕ್ಲಾಸಿಗೆ ಕೂತಾಗ ಫ್ಯಾನ್ ಗುಯ್ ಅಂತ ಮಿಷಿನ್ ತಿಣುಕಾಡೋದು ನಂಗಿಷ್ಟ ಇಲ್ಲ.

ಉಳಿದಿದ್ದು 'ವೇಟಿಂಗ್ ಫಾರ್ ಮೆಮೊರಿ' ಅನ್ನೋ ಸ್ಟೇಟಸ್, ಅಂದ್ರೆ ಮೆಮೊರಿ ಸಾಲದೆ ಟಾಸ್ಕ್ ಕಾಯೋದು. ಹಗಲು ಉಪಯೋಗಿಸ್ತಿರುವಾಗ ರ‍್ಯಾಮಲ್ಲಿ ಅರ್ಧ ಮಾತ್ರ ತಗೋ ಅಂತ ಸೆಟ್ಟಿಂಗ್ ಇತ್ತು, ಅಂದ್ರೆ 4 ಜಿಬಿ, ರೊಸೆಟ್ಟಾದ ಕೆಲವು ಟಾಸ್ಕ್ ಒಂದೊಂದೇ 1 ಜಿಬಿ ಮೇಲೆ ಹೋಗ್ತಿದ್ವು, ನಾಲ್ಕೂ ಹಿಡಿಸೋ ಮಾತೇ ಇಲ್ಲ. ಮೂರೇ ದಿನದ ಡೆಡ್‌ಲೈನ್ ಬೇರೆ, ತಪ್ಪಿದ್ರೆ ಅದೇ ಕೆಲಸ ಇನ್ಯಾರದೋ ಕಂಪ್ಯೂಟರಿಗೆ ಹೋಗುತ್ತೆ. ಇನ್ನೊಂದು 8 ಜಿಬಿ ಸ್ಟಿಕ್ ತಂದು ಹಾಕೋವರೆಗೂ ಎರಡೇ ಕೋರಲ್ಲಿ ಓಡಿಸ್ದೆ, ಅಷ್ಟೂ ದಿನದಲ್ಲಿ ಒಂದು ಡೆಡ್‌ಲೈನೂ ತಪ್ಪಲಿಲ್ಲ.