ಅಣಕು ಸಂವಿಧಾನ ರಚನಾ ಸಭೆ: ಮೊದಲು ಚೀಟಿ, ಆಮೇಲೆ ಭಾಷಣ

ವಿದ್ಯಾರ್ಥಿಗಳೇ ಸದಸ್ಯರಾಗಿ ಸಂವಿಧಾನದ ಕರಡನ್ನು ಚರ್ಚಿಸಿ ತಿದ್ದುವ ಅಣಕು ಸಂವಿಧಾನ ರಚನಾ ಸಭೆಯನ್ನು ಚರ್ಚಾಸ್ಪರ್ಧೆಯ ಹಾಗೆ ನಡೆಸಿದರೆ ಎರಡು ದಿನದ ಕೊನೆಗೆ ಉಳಿಯುವುದು ಚಪ್ಪಾಳೆ ಮಾತ್ರ. ಒಂದು ಅನುಚ್ಛೇದವೂ ಪೂರ್ತಿ ಬರೆದಾಗಿರುವುದಿಲ್ಲ. ಹಾಗಾಗಿ ನಾವು ಒಂದು ನಿಯಮ ಮಾಡಿಕೊಂಡೆವು: ತಿದ್ದುಪಡಿಯನ್ನು ಚೀಟಿಯಲ್ಲಿ ಬರೆದು ಕೊಟ್ಟ ಮೇಲೆಯೇ ಅದನ್ನು ಮಂಡಿಸಬೇಕು, ಚರ್ಚೆಯಲ್ಲಿ ಯಾರೇ ಎದ್ದರೂ ಮೊದಲು ಚೀಟಿ ಸಂಖ್ಯೆ ಹೇಳಬೇಕು. ಉಳಿದೆಲ್ಲ ಏರ್ಪಾಟು ಇದರ ಸುತ್ತಲೇ ಬೆಳೆಯಿತು.

42 ವಿದ್ಯಾರ್ಥಿಗಳು, ಆರು ಮಂದಿಯಂತೆ ಏಳು ತಂಡ. ಪ್ರತಿ ತಂಡದಿಂದ ಒಬ್ಬರು ಕರಡು ಸಮಿತಿಗೆ ಹೋಗುತ್ತಾರೆ. 1947ರ ಆಗಸ್ಟ್ 29ರಂದು ನೇಮಕವಾದ ಕರಡು ಸಮಿತಿಯಲ್ಲೂ ಇದ್ದದ್ದು ಏಳೇ ಜನ. ಅಧ್ಯಕ್ಷ ಪೀಠದಲ್ಲಿ ಮಾತ್ರ ಅಧ್ಯಾಪಕರು ಕೂರಬೇಕು; ವಿದ್ಯಾರ್ಥಿಗೆ ಕೊಟ್ಟರೆ ಮೊದಲ ಕ್ರಿಯಾಲೋಪ, ಅಂದರೆ ಸಭೆಯ ನಿಯಮ ತಪ್ಪಿದೆ ಎಂಬ ಆಕ್ಷೇಪ, ಎದ್ದೊಡನೆ ಸಭೆ ಕೈತಪ್ಪುತ್ತದೆ.

ಅಂಬೇಡ್ಕರ್, ನೆಹರು, ಪಟೇಲ್ ಎಂದು ಪಾತ್ರ ಹಂಚುವುದನ್ನು ಬಿಟ್ಟೆವು. ಹೆಸರು ಕೊಟ್ಟರೆ ಮಕ್ಕಳು ಆ ವ್ಯಕ್ತಿಯ ಭಾಷಣವನ್ನು ಬಾಯಿಪಾಠ ಮಾಡಿ ಬರುತ್ತಾರೆ. ಅಂಬೇಡ್ಕರ್ ಪಾತ್ರಧಾರಿ ಎದ್ದರೆ ಎದುರು ಮಾತಾಡಲು ಯಾರಿಗೂ ಧೈರ್ಯ ಸಾಲುವುದಿಲ್ಲ. ನಿಜವಾದ ಸಭೆಯಲ್ಲಿ ಎಚ್.ವಿ. ಕಾಮತ್, ಕೆ.ಟಿ. ಶಾ, ನಜೀರುದ್ದೀನ್ ಅಹ್ಮದ್ ಅವರಂಥವರು ಕರಡಿನ ಸಾಲುಸಾಲಿಗೂ ತಿದ್ದುಪಡಿ ತಂದು ಅಂಬೇಡ್ಕರ್ ಅವರನ್ನು ಪ್ರಶ್ನಿಸಿದ್ದರು. ಹೆಸರಿನ ಬದಲು ನಾವು ಪ್ರತಿ ತಂಡಕ್ಕೂ ಒಂದು ಕಾಳಜಿ ಕೊಡುತ್ತೇವೆ: ಖಜಾನೆಯ ಹೊರೆ, ದುಡಿಯುವ ಮಕ್ಕಳ ಮನೆಗಳು, ಅಲ್ಪಸಂಖ್ಯಾತರ ಶಾಲೆಗಳು, ಪ್ರಾಂತ್ಯಗಳ ಅಧಿಕಾರ, ಹೀಗೆ. ಅರ್ಧ ಪುಟದ ಟಿಪ್ಪಣಿ ಸಾಕು.

ಚರ್ಚೆಗೆ ಇಡುವ ಪಠ್ಯ ಇವತ್ತಿನ ಸಂವಿಧಾನದ್ದಾಗಿರಬಾರದು, 1948ರ ಕರಡಿನದ್ದಾಗಿರಬೇಕು. ಆ ಕರಡಿನಲ್ಲಿದ್ದದ್ದು 315 ಅನುಚ್ಛೇದ. ಅಂಗೀಕಾರವಾಗುವ ಹೊತ್ತಿಗೆ ಅವು 395 ಆದವು, ಸಂಖ್ಯೆಗಳು ಬಹುತೇಕ ಬದಲಾದವು. ಪಠ್ಯಪುಸ್ತಕ ತೆರೆದು ಅದೇ ಸಂಖ್ಯೆ ಹುಡುಕಿದವರಿಗೆ ಸಿಗುವುದು ಬೇರೆಯೇ ವಿಷಯ. ನಮಗೆ ಬೇಕಾದದ್ದೂ ಅದೇ.

ಮೊದಲ ಸಲ ನಡೆಸುವವರು ಕರಡಿನ 36ನೇ ಅನುಚ್ಛೇದದಿಂದ ಶುರು ಮಾಡುವುದು ಒಳ್ಳೆಯದು. ಅದರ ಸಾರ ಇಷ್ಟು: ಪ್ರತಿಯೊಬ್ಬ ನಾಗರಿಕನೂ ಉಚಿತ ಪ್ರಾಥಮಿಕ ಶಿಕ್ಷಣಕ್ಕೆ ಹಕ್ಕುಳ್ಳವನಾಗಿರುತ್ತಾನೆ, ಮತ್ತು ಸಂವಿಧಾನ ಜಾರಿಗೆ ಬಂದ ಹತ್ತು ವರ್ಷಗಳೊಳಗೆ ಎಲ್ಲ ಮಕ್ಕಳಿಗೂ 14 ವರ್ಷ ತುಂಬುವವರೆಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕದ್ದು. ಒಂದೇ ವಾಕ್ಯ. ಆದರೆ ಅದರ ಮೊದಲರ್ಧ ಹಕ್ಕು ಕೊಡುತ್ತದೆ, ಉಳಿದರ್ಧ ಬರೀ ಪ್ರಯತ್ನದ ಮಾತಾಡುತ್ತದೆ. ಇದನ್ನು ತಾವಾಗಿಯೇ ಗುರುತಿಸುವ ತಂಡ ಗಟ್ಟಿ ತಂಡ.

ಚೀಟಿ ಹೇಗಿರಬೇಕು ಎಂಬುದನ್ನು ಹಿಂದಿನ ದಿನವೇ ಒಂದು ಗಂಟೆ ಕೂತು ಕಲಿಸಬೇಕು. ಮೊದಲ ಸುತ್ತಿನಲ್ಲಿ ಬರುವ ಚೀಟಿಗಳಲ್ಲಿ ಹೆಚ್ಚಿನವು ಅಭಿಪ್ರಾಯಗಳೇ: 'ಬಡ ಮಕ್ಕಳಿಗೆ ಹೆಚ್ಚು ಗಮನ ಕೊಡಬೇಕು.' ಅದನ್ನು ಯಾವ ಪದದ ಜಾಗಕ್ಕೆ ಹಾಕುವುದು? ತಿದ್ದುಪಡಿ ಎಂದರೆ ಮೂರೇ ಕೆಲಸ: ಪದ ಬಿಡುವುದು, ಪದ ಸೇರಿಸುವುದು, ಒಂದರ ಬದಲು ಇನ್ನೊಂದು ಇಡುವುದು. '36ನೇ ಅನುಚ್ಛೇದದಲ್ಲಿ, "ಪ್ರಯತ್ನಿಸತಕ್ಕದ್ದು" ಎಂಬ ಪದದ ಬದಲಿಗೆ ಇಂಥ ಪದವನ್ನು ಪ್ರತಿಯೋಜಿಸತಕ್ಕದ್ದು' ಎಂಬ ಅಚ್ಚಿನಲ್ಲೇ ಬರೆಯಬೇಕು. ಕಾರಣ ಎರಡು ಸಾಲು ಮೀರಬಾರದು, ಅದೂ ಚೀಟಿಯ ಹಿಂಬದಿಗೆ. ಒಂದು ಚೀಟಿಗೆ ಒಂದೇ ತಿದ್ದುಪಡಿ. ಕೊಡುವ ಗಡುವು ಚರ್ಚೆಯ ಹಿಂದಿನ ಸಂಜೆ 6 ಗಂಟೆ.

ಕನ್ನಡದಲ್ಲಿ ಕರಡು ಬರೆಯುವಾಗ ಎಡವುವ ಜಾಗಗಳು ಬೇರೆ. 'ತಕ್ಕದ್ದು' ಎಂದರೆ ಕಟ್ಟುಪಾಡು, 'ಬಹುದು' ಎಂದರೆ ವಿವೇಚನೆ. ಮಾತಿನ ಭಾಷೆಯ 'ಬೇಕು' ಎರಡರ ನಡುವೆ ತೂಗಾಡುತ್ತದೆ, ಕರಡಿನಲ್ಲಿ ಅದು ಬೇಡ. 'ವ್ಯಕ್ತಿ' ಎಂದರೆ ವಿದೇಶೀಯರೂ ಸೇರಿದರು, 'ನಾಗರಿಕ' ಎಂದರೆ ಅವರು ಹೊರಗೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಲಿಂಗ. 'ಹಕ್ಕುಳ್ಳವನಾಗಿರುತ್ತಾನೆ' ಎಂದೊಡನೆ ಅರ್ಧ ದೇಶ ವಾಕ್ಯದಿಂದ ಹೊರಗುಳಿಯಿತು. 'ಅವನು/ಅವಳು' ಎಂದು ಗೆರೆ ಹಾಕಿಕೊಂಡು ಹೋದರೆ ಓದಲಾಗದು. ವಾಕ್ಯವನ್ನೇ ತಿರುಗಿಸಿ 'ಪ್ರತಿಯೊಬ್ಬ ನಾಗರಿಕರಿಗೂ ಹಕ್ಕು ಇರತಕ್ಕದ್ದು' ಎಂದರೆ ತೊಡಕೇ ಇಲ್ಲ. ಇಂಥ ತಿದ್ದುಪಡಿ ತಂದವರಿಗೆ ನಾವು ಧಾರಾಳವಾಗಿ ಅಂಕ ಕೊಡುತ್ತೇವೆ.

ಬಂದ ಚೀಟಿಗಳಲ್ಲಿ ಒಂದು ಅನುಚ್ಛೇದಕ್ಕೆ ಎಂಟನ್ನು ಮಾತ್ರ ಮಂಡನೆಗೆ ಬಿಡುತ್ತೇವೆ. ಒಂದೇ ಅರ್ಥದವನ್ನು ಕೂಡಿಸುತ್ತೇವೆ. ತಮ್ಮ ಚೀಟಿ ಬಿಟ್ಟುಹೋಯಿತೆಂದು ಕೆಲವರು ಮುಖ ಸಪ್ಪಗೆ ಮಾಡುತ್ತಾರೆ. ಅಸಲಿ ಸಭೆಗೆ ಬಂದ ತಿದ್ದುಪಡಿ ಸೂಚನೆಗಳು 7,635, ಮಂಡನೆಯಾದದ್ದು 2,473 ಎಂದು ಹೇಳಿದರೆ ಸಮಾಧಾನವಾಗುತ್ತದೆ.

ಒಂದು ಅನುಚ್ಛೇದಕ್ಕೆ 90 ನಿಮಿಷ. ಕರಡಿನ ಪರಿಚಯ 10, ಎಂಟು ಮಂಡನೆಗೆ ಎರಡೆರಡು ನಿಮಿಷದಂತೆ 16, ಒಂದೂವರೆ ನಿಮಿಷದ ಹದಿನಾಲ್ಕು ಮಾತುಗಳಿಗೆ 21, ಕರಡು ಸಮಿತಿಯ ಸಮಾಲೋಚನೆ 10, ಅದರ ಉತ್ತರ 8, ಮತದಾನ 15. ಉಳಿದ ಹತ್ತು ನಿಮಿಷ ಕ್ರಿಯಾಲೋಪಗಳ ಪಾಲು. ಸಮಾಲೋಚನೆಯ ಆ ಹತ್ತು ನಿಮಿಷವನ್ನು ಯಾವ ಕಾರಣಕ್ಕೂ ಕಡಿತ ಮಾಡಬೇಡಿ. ರಾಜಿಯ ಪದ ಹುಟ್ಟುವುದು ಅಲ್ಲೇ.

ಮತದಾನದಲ್ಲಿ ಗೊಂದಲ ಏಳುವುದು ಕ್ರಮ ತಪ್ಪಿದಾಗ. ಮೊದಲು ತಿದ್ದುಪಡಿಗಳು, ಆಮೇಲೆ ಅನುಚ್ಛೇದ. ಒಂದೇ ಪದದ ಮೇಲೆ ಎರಡು ಮೂರು ತಿದ್ದುಪಡಿ ಇದ್ದರೆ ಬಿಟ್ಟುಬಿಡುವ ತಿದ್ದುಪಡಿಯನ್ನು ಮೊದಲು ಮತಕ್ಕೆ ಹಾಕಬೇಕು. ಅದು ಗೆದ್ದರೆ ಆ ಪದವೇ ಇರುವುದಿಲ್ಲ, ಉಳಿದವು ತಾವಾಗಿಯೇ ಬಿದ್ದುಹೋಗುತ್ತವೆ. ಪ್ರತಿ ಗೆಲುವಿನ ನಂತರ ಪರದೆಯ ಮೇಲಿನ ಪಠ್ಯವನ್ನು ತಿದ್ದಿ, ಇಡೀ ವಾಕ್ಯವನ್ನು ಗಟ್ಟಿಯಾಗಿ ಓದಿಸಬೇಕು. ಹಾಗೆ ಓದಿದಾಗಲೇ ಕ್ರಿಯಾಪದ ಕಳೆದುಹೋದದ್ದು ಕಿವಿಗೆ ಬೀಳುತ್ತದೆ.

ಇನ್ನೊಂದು ತಪ್ಪು ಇಷ್ಟು ಸುಲಭವಾಗಿ ಕಾಣುವುದಿಲ್ಲ. ಖರ್ಚು ತಗ್ಗಿಸಲು ಖಜಾನೆಯ ತಂಡ 14 ವರ್ಷವನ್ನು 11ಕ್ಕೆ ಇಳಿಸಬೇಕೆಂದು ಚೀಟಿ ತರುತ್ತದೆ, ಸಭೆ ಹೂಂ ಅನ್ನುತ್ತದೆ. ಆದರೆ ಕರಡಿನ 18ನೇ ಅನುಚ್ಛೇದ 14ಕ್ಕಿಂತ ಕೆಳಗಿನ ಮಕ್ಕಳನ್ನು ಕಾರ್ಖಾನೆ, ಗಣಿಗಳಲ್ಲಿ ದುಡಿಸಕೂಡದು ಎನ್ನುತ್ತದೆ. ಹಾಗಾದರೆ ನಡುವಿನ ಮೂರು ವರ್ಷ ಮಗು ಎಲ್ಲಿರಬೇಕು? 1948ರ ನವೆಂಬರ್ 23ರಂದು ಅಂಬೇಡ್ಕರ್ ವಯಸ್ಸಿನ ಮಿತಿಯನ್ನು ಸಮರ್ಥಿಸಿದ್ದು ಇದೇ ಕೊಂಡಿಯನ್ನು ತೋರಿಸಿ. ಕರಡು ಸಮಿತಿಯವರ ಕೈಗೆ ಸಂಬಂಧಪಟ್ಟ ನಾಲ್ಕೈದು ಅನುಚ್ಛೇದಗಳ ಪ್ರತಿ ಕೊಟ್ಟಿರಬೇಕು. ಕೊಂಡಿ ಹುಡುಕುವುದು ಅವರ ಹೊಣೆ.

ಅಂಕಗಳು 100: ಚೀಟಿಗೆ 35, ತಂಡ ಕೊನೆಗೆ ಒಪ್ಪಿಸುವ ಕರಡಿಗೆ 30, ಚರ್ಚೆಗೆ 20, ರಾಜಿ ಮಾಡಿಸಿದ್ದಕ್ಕೆ 15. ಮೂವರು ತೀರ್ಪುಗಾರರು ಚೀಟಿಗಳನ್ನು ತಂಡದ ಹೆಸರಿಲ್ಲದೆ, ಚರ್ಚೆಗೆ ಮೊದಲೇ ಓದಿ ಅಂಕ ಹಾಕಿರಬೇಕು. ಮತದಲ್ಲಿ ಗೆದ್ದಿತೋ ಸೋತಿತೋ ಎಂಬುದು ಅಂಕಕ್ಕೆ ಸೇರದು. ಸೇರಿಸಿದರೆ 'ನಮ್ಮದಕ್ಕೆ ನೀವು, ನಿಮ್ಮದಕ್ಕೆ ನಾವು' ಎಂಬ ಒಳ ಒಪ್ಪಂದ ಊಟದ ಬಿಡುವಿನಲ್ಲೇ ಆಗಿಹೋಗುತ್ತದೆ, ಪದದ ಮೇಲೆ ಯಾರಿಗೂ ಗಮನ ಇರುವುದಿಲ್ಲ.

ಅಸಲಿ ಸಭೆ ಏನು ಮಾಡಿತು ಎಂಬ ಹಾಳೆಯನ್ನು ಎಲ್ಲ ಮತದಾನ ಮುಗಿದ ಮೇಲಷ್ಟೇ ಹಂಚಬೇಕು. ಅದರಲ್ಲಿ ಮೂರು ಸಂಗತಿ ಇರುತ್ತವೆ. ಲಕ್ಷ್ಮೀಕಾಂತ ಮೈತ್ರ ಅವರ ತಿದ್ದುಪಡಿಯಿಂದ ಹಕ್ಕಿನ ಮೊದಲರ್ಧ ಬಿದ್ದುಹೋಯಿತು. ಉಳಿದದ್ದು 45ನೇ ಅನುಚ್ಛೇದವಾಯಿತು. 2002ರ 86ನೇ ತಿದ್ದುಪಡಿ 21ಎ ಅನುಚ್ಛೇದವನ್ನು ಸೇರಿಸಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಓದಿದೊಡನೆ ಯಾರಾದರೊಬ್ಬರು, 'ಸರ್, ಕರಡಿನಲ್ಲಿ 6 ಎಂಬ ಕೆಳಮಿತಿ ಇರಲಿಲ್ಲವಲ್ಲ?' ಎಂದು ಕೇಳುತ್ತಾರೆ. ಆಗ ಉತ್ತರ ಹೇಳದೆ ಹೊಸ ಚೀಟಿ ಕೊಟ್ಟು, ಇಪ್ಪತ್ತು ನಿಮಿಷ ಬಿಟ್ಟುಕೊಡುತ್ತೇವೆ.