ಸ್ಪಾಂಜ್ ತೆಗೆದ ಮೇಲೆ ತಿಳಿಯಾದ ನೀರು: ನನ್ನ ಅನುಭವ

ಮೂರು ವರ್ಷಗಳಿಂದ ಹವಳ ಸಾಕುವ ನನ್ನ ಕಡಲ ನೀರಿನ ತೊಟ್ಟಿಯಲ್ಲಿ ಕಸ ಹಿಡಿಯುವ ಸ್ಪಾಂಜ್ ಇಲ್ಲ, ಫಿಲ್ಟರ್ ಚೀಲ ಇಲ್ಲ, ನೀರು ಸೋಸುವ ಮುಚ್ಚಿದ ಡಬ್ಬಿಯಾದ ಕ್ಯಾನಿಸ್ಟರ್ ಇಲ್ಲ. ಗುಳ್ಳೆ ಎಬ್ಬಿಸಿ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರನ್ನೂ ನಿಲ್ಲಿಸಿ ಒಂದೂವರೆ ವರ್ಷವಾಯಿತು. ತೊಟ್ಟಿ ನಾಲ್ಕಡಿ ಉದ್ದ, ಹತ್ತಿರ ಹತ್ತಿರ 300 ಲೀಟರ್. ಒಂದು ತುದಿಯಲ್ಲಿ ಪತ್ರಿಕೆ ಹಿಡಿದರೆ ಇನ್ನೊಂದು ತುದಿಯಿಂದ ತಲೆಬರಹವನ್ನು ಸಲೀಸಾಗಿ ಓದಬಹುದು. ಆರು ತಿಂಗಳಲ್ಲಿ ಕೊಳೆತು ನಾರುತ್ತದೆ ಎಂದಿದ್ದವರು ಈಗ ಮನೆಗೆ ಬಂದು ಜೊಯಾಂಥಸ್ (ಹೂವಿನಂಥ, ಹವಳದ ಬಳಗದ ಮೆತ್ತನೆಯ ಜೀವಿ) ತುಂಡುಗಳನ್ನು ಕೇಳಿ ಒಯ್ಯುತ್ತಾರೆ.

ನಮ್ಮ ಮನೆ ಮಲ್ಪೆಯ ಹತ್ತಿರ. ಮಳೆಗಾಲದ ಕರೆಂಟಿನ ಕಥೆ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಒಂದು ಜುಲೈ ರಾತ್ರಿ ಆರೇಳು ಗಂಟೆ ಕರೆಂಟ್ ಇರಲಿಲ್ಲ. ಕ್ಯಾನಿಸ್ಟರಿನೊಳಗೆ ನಿಂತ ನೀರು ಆಮ್ಲಜನಕವಿಲ್ಲದೆ ಕೊಳೆತಿತ್ತು. ನಸುಕಿನಲ್ಲಿ ಕರೆಂಟ್ ಬಂದದ್ದೇ ತಡ, ಪಂಪ್ ಆ ಕೊಳಕನ್ನೆಲ್ಲ ತೊಟ್ಟಿಗೆ ಸುರಿಯಿತು. ಎದ್ದು ಬಂದಾಗ ಕೋಣೆ ತುಂಬ ಕೊಳೆತ ಮೊಟ್ಟೆಯ ವಾಸನೆ. ನಾಲ್ಕು ವರ್ಷ ಸಾಕಿದ ಕ್ಲೌನ್ ಮೀನಿನ ಜೋಡಿ ಮಗ್ಗುಲಾಗಿ ಮರಳಿನ ಮೇಲೆ ಬಿದ್ದಿತ್ತು. ಮೀನು, ಹವಳ ಎಲ್ಲ ಸೇರಿ ಸುಮಾರು 25,000 ರೂಪಾಯಿ ಹೋಯಿತು. ದುಡ್ಡಿಗಿಂತ ಆ ಜೋಡಿಯ ಸಂಕಟವೇ ಹೆಚ್ಚು.

ಜಕಾರ್ತಾದಲ್ಲಿ ಲೀ ಚಿನ್ ಎಂಗ್ ಎಂಬ ಅಕ್ವೇರಿಯಂ ಸಾಕಣೆಗಾರರು 1960ರ ದಶಕದಲ್ಲೇ ಜೀವಂತ ಕಲ್ಲು (ಬ್ಯಾಕ್ಟೀರಿಯ, ಹುಳುಗಳು ನೆಲೆಸಿದ ಸತ್ತ ಹವಳದ ಕಲ್ಲು), ಕಡಲ ನೀರು, ಗಾಳಿಗುಳ್ಳೆ ಇಷ್ಟರಿಂದಲೇ ಹವಳ ಸಾಕಿ ತೋರಿಸಿದ್ದರು. ಅವರಿಗೆ ಸಾಧ್ಯವಾದದ್ದು ಕಡಲ ಪಕ್ಕದಲ್ಲೇ ಇರುವ ನಮಗೆ ಏಕೆ ಆಗಬಾರದು ಎಂದು ಹಟ ಹಿಡಿದೆ.

ಮೊದಲ ಸಲ ಅವಸರಪಟ್ಟು ಕೆಟ್ಟೆ. ಹೊಸದಾಗಿ ತುಂಬಿಸಿದ ತೊಟ್ಟಿಯಿಂದ ಒಂದೇ ಭಾನುವಾರ ಎಲ್ಲವನ್ನೂ ಕಿತ್ತುಹಾಕಿದೆ. ವಾರದೊಳಗೆ ನೀರು ಅಕ್ಕಿ ತೊಳೆದಂತೆ ಬೆಳ್ಳಗಾಯಿತು. ಕೊಳೆತ ಕಸದಿಂದ ಹುಟ್ಟುವ ನೈಟ್ರೇಟ್ ಲೀಟರಿಗೆ 60 ಮಿಲಿಗ್ರಾಂ ದಾಟಿತು, ಕಲ್ಲಿನ ಮೇಲೆ ಕೂದಲು ಪಾಚಿ ಬೆರಳುದ್ದ ಬೆಳೆಯಿತು. ಎರಡನೆಯ ಸಲ ಸ್ಪಾಂಜನ್ನು ತಿಂಗಳಿಗೆ ಕಾಲು ಭಾಗದಂತೆ ಕತ್ತರಿಸುತ್ತ ಬಂದೆ. ಆ ನಾಲ್ಕು ತಿಂಗಳಲ್ಲಿ ಹುಳುಗಳೂ ಕೋಪೆಪಾಡುಗಳೆಂಬ ಚುಕ್ಕೆಯಷ್ಟು ಸಣ್ಣ ಸಿಗಡಿಯಂಥ ಜೀವಿಗಳೂ ಹೆಚ್ಚಿಕೊಂಡವು. ಕಸವನ್ನು ಹಿಡಿದಿಡುವ ಬದಲು ತಿನ್ನುವ ಬಾಯಿಗಳನ್ನು ಬೆಳೆಸಬೇಕು, ಅವು ಬೆಳೆಯುವುದಕ್ಕೆ ಸಮಯ ಕೊಡಬೇಕು.

ಕಲ್ಲಿನ ವಿಷಯ. 2001ರಿಂದ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕಡಲಿನ ಹವಳಕ್ಕೆ ಕೈ ಹಾಕುವ ಮಾತೇ ಇಲ್ಲ, ಹಾಕಲೂ ಬಾರದು. ನನ್ನದು ಮನೆಯಲ್ಲೇ ಮಾಡಿದ ಕಲ್ಲು: ಒಂದು ಪಾಲು ಸಿಮೆಂಟ್, ಮೂರು ಪಾಲು ಕಪ್ಪೆಚಿಪ್ಪಿನ ಚೂರು, ನಡುವೆ ಹರಳುಪ್ಪು. ಉಪ್ಪು ಕರಗಿ ಹೋದ ಜಾಗದಲ್ಲಿ ತೂತುಗಳು ಉಳಿಯುತ್ತವೆ. ಎರಡು ತಿಂಗಳು ಸಿಹಿನೀರು ಬದಲಿಸುತ್ತ ನೆನೆಸಿದ ಮೇಲೆ ಪಿಎಚ್ 12ರಿಂದ ಎಂಟೂಕಾಲಿಗೆ ಇಳಿಯಿತು. 40 ಕಿಲೋ ಕಲ್ಲಿಗೆ ಖರ್ಚು 900 ರೂಪಾಯಿ ದಾಟಲಿಲ್ಲ. ಗೆಳೆಯರೊಬ್ಬರ ಹಳೆಯ ತೊಟ್ಟಿಯಿಂದ ಮುಷ್ಟಿಗಾತ್ರದ ಜೀವಂತ ಕಲ್ಲೊಂದನ್ನು ತಂದು ನಡುವೆ ಇಟ್ಟೆ. ವರ್ಷ ತುಂಬುವಷ್ಟರಲ್ಲಿ ಎಲ್ಲದಕ್ಕೂ ನೇರಳೆ ಬಣ್ಣ ಹತ್ತಿತು.

ನಡುವೆ ನೀಲಿಕಲ್ಲಿನ (ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿ) ಪ್ರಯೋಗವನ್ನೂ ಮಾಡಿದೆ. ನೀರು ಸೋಸಿ ತಿನ್ನುವ ಜೀವಿ, ಸ್ಪಾಂಜಿನ ಕೆಲಸವನ್ನು ಅದೇ ಮಾಡಲಿ ಎಂದು ಬಂಡೆಯಿಂದ ಬಿಡಿಸಿ ತಂದ ಹದಿನೈದನ್ನು ಸಂಪಿನಲ್ಲಿ, ಅಂದರೆ ದೊಡ್ಡ ತೊಟ್ಟಿಗೆ ಜೋಡಿಸಿದ ಕೆಳಗಿನ ಚಿಕ್ಕ ತೊಟ್ಟಿಯಲ್ಲಿ ಬಿಟ್ಟೆ. ಮೊದಲ ವಾರ ನೀರು ಕನ್ನಡಿಯಂತಿತ್ತು. ಮೂರನೆಯ ವಾರ ಆಹಾರ ಸಾಲದೆ ಒಂದೊಂದಾಗಿ ಬಾಯಿ ತೆರೆದು ಸತ್ತವು, ಅಮೋನಿಯ ಏರಿತು. ಒಂದೇ ದಿನ 100 ಲೀಟರ್ ನೀರು ಬದಲಿಸಿ ಹೇಗೋ ಉಳಿಸಿಕೊಂಡೆ.

ಈಗ ಇರುವುದು ನೀರನ್ನು ಹರಿದಾಡಿಸುವ ಎರಡು ಪವರ್‌ಹೆಡ್ ಪಂಪು, ಸಂಪಿನಲ್ಲಿ ನೈಟ್ರೇಟ್ ಹೀರುವ ಕೀಟೋ ಪಾಚಿ, ಅದಕ್ಕೆ ರಾತ್ರಿ ಹೊತ್ತಿನ ದೀಪ. ಪವರ್‌ಹೆಡ್‌ಗಳನ್ನು ಯಾವ ಕೋನದಲ್ಲಿ ಇಟ್ಟಿದ್ದೇನೆ, ಕೋಪೆಪಾಡುಗಳಿಗೆ ಏನು ಹಾಕುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಮೂರು ವರ್ಷದ ಗಳಿಕೆ. ದಿನಾ ಬೆಳಿಗ್ಗೆ ದೊಡ್ಡ ಸಿರಿಂಜಿನಿಂದ ಕಲ್ಲಿನ ಸಂದುಗಳಿಗೆ ನೀರು ಚಿಮ್ಮಿಸುತ್ತೇನೆ. ಕಂದು ಹೊಗೆಯಂತೆ ಕಸ ಏಳುತ್ತದೆ, ಜೊಯಾಂಥಸ್‌ಗಳು ಒಮ್ಮೆ ಮುದುಡಿ ಮತ್ತೆ ಬಾಯಿ ಬಿಡುತ್ತವೆ, ಇಪ್ಪತ್ತು ನಿಮಿಷದಲ್ಲಿ ನೀರು ತಿಳಿ. ರಾತ್ರಿ ಕೆಂಪು ಟಾರ್ಚ್ ಹಿಡಿದರೆ ಗಾಜಿನ ಮೇಲೆ ಎಳ್ಳು ಚೆಲ್ಲಿದಂತೆ ಕೋಪೆಪಾಡುಗಳು ಓಡಾಡುತ್ತಿರುತ್ತವೆ. ನೈಟ್ರೇಟ್ ಐದರ ಆಸುಪಾಸು. ಕರೆಂಟ್ ಬಿಲ್ಲಿನಲ್ಲಿ ತಿಂಗಳಿಗೆ ನಾನೂರು ರೂಪಾಯಿ ಉಳಿಯುತ್ತಿದೆ.

ಕಳೆದ ಮಳೆಗಾಲದಲ್ಲಿ ಒಂಬತ್ತು ಗಂಟೆ ಕರೆಂಟ್ ಹೋಯಿತು. ಬ್ಯಾಟರಿಯ ಗಾಳಿ ಪಂಪ್ ಒಂದನ್ನು ಬಿಟ್ಟು ಮಲಗಿದೆ. ಬೆಳಿಗ್ಗೆ ಹೊಸ ಕ್ಲೌನ್ ಜೋಡಿ ಗಾಜಿನ ಬಳಿ ಬಂದು ತಿನ್ನಲು ಕೇಳುತ್ತಿತ್ತು.

ಈ ದಾರಿ ಹಿಡಿಯುವವರು ನೀರಿನ ಲೆಕ್ಕ ಮರೆಯಬೇಡಿ. ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಹೊರಗಡಲ ನೀರು ತಂದುಕೊಡುವವರು ಸಿಗುವುದಿಲ್ಲ. ದಡದ ನೀರಿಗೆ ಹೊಳೆಯ ನೀರು ಸೇರಿ ಉಪ್ಪಿನಂಶ ತಿಳಿಯಲು ನೀರಿನ ಸಾಂದ್ರತೆ ಅಳೆಯುವ ನನ್ನ ಹೈಡ್ರೋಮೀಟರ್ 1.012ಕ್ಕೆ ಇಳಿದದ್ದೂ ಇದೆ. ಮೇ ಮುಗಿಯುವ ಮೊದಲೇ ಮುಚ್ಚಳವಿರುವ ಕಪ್ಪು ಡ್ರಮ್ಮುಗಳಲ್ಲಿ 400 ಲೀಟರ್ ತುಂಬಿಸಿ, ಬಿಸಿಲು ಬೀಳದ ಕಡೆ ಇಟ್ಟುಕೊಳ್ಳಿ.