ಚೂರು ಬಟ್ಟೆಗಳನ್ನು ನಾನು ತೊಳೆದಿಟ್ಟುಕೊಳ್ಳುವ ಬಗೆ

ನನ್ನ ಮೊದಲ ಕೌದಿಯಲ್ಲಿ ಬಿಳಿ ಚೌಕಗಳ ಪಕ್ಕದಲ್ಲೇ ಕೆಂಪು ಚೂರುಗಳಿದ್ದವು. ಹೊಲಿದು ಮುಗಿಸಲು ನಾಲ್ಕು ತಿಂಗಳು ಹಿಡಿದಿತ್ತು. ಮೊದಲ ಸಲ ಒಗೆದಾಗಲೇ ಕೆಂಪು ಬಣ್ಣ ಬಿಟ್ಟು, ಬಿಳಿಯೆಲ್ಲ ಗುಲಾಬಿಯಾಯಿತು. ತುಂಬಾ ಸಂಕಟವಾಯಿತು. ಆಮೇಲಿಂದ ಮೊದಲು ತೊಳೆಯುತ್ತೇನೆ, ಆಮೇಲೆ ಕತ್ತರಿ ಹಿಡಿಯುತ್ತೇನೆ.

ಆದರೆ ಯಾರೋ ಕೊಟ್ಟ ಚೂರುಗಳು ಕತ್ತರಿಸಿಯೇ ಬಂದಿರುತ್ತವೆ, ಅಲ್ವಾ? ಒಮ್ಮೆ ಅಂಥ ಅಂಗೈಯಗಲದ ತುಂಡುಗಳನ್ನು ಸುಮ್ನೆ ವಾಷಿಂಗ್ ಮೆಷಿನ್‌ಗೆ ಹಾಕಿದೆ. ಎಳೆ ಬಿಟ್ಟುಕೊಂಡು ಎಲ್ಲ ಒಂದೇ ಗಂಟಾಗಿತ್ತು. ಬಿಡಿಸಿ ಅಂಚು ಸರಿಮಾಡುವಷ್ಟರಲ್ಲಿ 5 ಇಂಚಿನ ಚೌಕ 4 ಇಂಚಿಗೆ ಇಳಿದಿತ್ತು.

ಈಗ ದೊಡ್ಡ ತುಂಡುಗಳ ನಾಲ್ಕೂ ಮೂಲೆಗಳನ್ನು ಓರೆಯಾಗಿ ಸ್ವಲ್ಪ ಕತ್ತರಿಸಿ, ಜಾಲರಿ ಚೀಲದಲ್ಲಿ ಹಾಕಿ ಮೆಷಿನ್‌ಗೆ ಕೊಡುತ್ತೇನೆ. ಮೂಲೆ ಕತ್ತರಿಸಿದರೆ ಎಳೆ ಕಡಿಮೆ ಬಿಡುತ್ತದೆ. ಚಿಕ್ಕವಕ್ಕೆ ಬೋಗುಣಿಯೇ ಸರಿ. ತಣ್ಣೀರು, ಎರಡು ಹನಿ ಸೋಪು, ಕೈಯಿಂದ ಮೆಲ್ಲಗೆ ಅದ್ದುವುದು, ಅಷ್ಟೇ. ಉಜ್ಜುವುದಿಲ್ಲ, ಹಿಂಡುವುದಿಲ್ಲ. ಟವೆಲಿನಲ್ಲಿ ಸುತ್ತಿ ಒತ್ತಿದರೆ ನೀರು ಹೋಗುತ್ತದೆ.

ಕೆಂಪು, ಕಡುನೀಲಿ, ಕಪ್ಪು ಬೇರೆ ಬೇರೆ ಬೋಗುಣಿಯಲ್ಲಿ. ಒದ್ದೆ ಚೂರನ್ನು ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡುತ್ತೇನೆ. ಬಣ್ಣ ಅಂಟಿದರೆ ಇನ್ನೊಂದು ಸಲ ತೊಳೆಯುತ್ತೇನೆ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುತ್ತಾರೆ. ನಾನೂ ಹಾಕಿ ನೋಡಿದೆ, ನನ್ನ ಕೆಂಪು ನಿಲ್ಲಲಿಲ್ಲ. ನಾಲ್ಕು ಸಲ ತೊಳೆದರೂ ಬಣ್ಣ ಬಿಡುವ ಚೂರನ್ನು ಕೌದಿಗೆ ಹಾಕುವುದೇ ಇಲ್ಲ. ಒಗೆಯಬೇಕಿಲ್ಲದ ಗೋಡೆ ಅಲಂಕಾರಕ್ಕೆ ಎತ್ತಿಡುತ್ತೇನೆ.

ಬಣ್ಣದಷ್ಟೇ ಮುಖ್ಯ ಕುಗ್ಗುವುದು. ಹತ್ತಿ ಬಟ್ಟೆ ಸಾಮಾನ್ಯವಾಗಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುತ್ತದೆ. ತೊಳೆದ ಚೂರಿನ ಪಕ್ಕ ತೊಳೆಯದ್ದನ್ನು ಹೊಲಿದರೆ, ಮುಂದೆ ಒಗೆದಾಗ ಒಂದು ಎಳೆಯುತ್ತದೆ, ಇನ್ನೊಂದು ಉಬ್ಬುತ್ತದೆ. ಯಾವುದನ್ನೂ ತೊಳೆಯದೆ ಹೊಲಿದು, ಆಮೇಲೆ ಬರುವ ಸುಕ್ಕನ್ನೇ ಇಷ್ಟಪಡುವವರಿದ್ದಾರೆ. ಆ ಸುಕ್ಕು ಚೆಂದವೇ. ಎರಡನ್ನೂ ಬೆರೆಸಬೇಡಿ, ಅಷ್ಟೇ ನಾನು ಕೇಳಿಕೊಳ್ಳುವುದು.

ಅರೆ ಒಣಗಿದಾಗಲೇ ಇಸ್ತ್ರಿ ಮಾಡುತ್ತೇನೆ. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಎತ್ತಿ ಇಡಬೇಕು, ಎಳೆದರೆ ಓರೆಯಾಗಿ ಕತ್ತರಿಸಿದ ಚೂರು ಹಿಗ್ಗಿ ಆಕಾರ ಕೆಡುತ್ತದೆ. ತೊಳೆದ ಬಟ್ಟೆ ಮೆತ್ತಗಾಗಿರುತ್ತದೆ. ತೆಳುವಾಗಿ ಗಂಜಿ ಸಿಂಪಡಿಸಿದರೆ ಕತ್ತರಿಸಲು ಸಲೀಸು.

2 ಇಂಚಿಗಿಂತ ಚಿಕ್ಕವನ್ನು ನೀರಿಗೆ ಹಾಕುವುದಿಲ್ಲ. ನೀರು ಚಿಮುಕಿಸಿ ಹಬೆ ಇಸ್ತ್ರಿ ಕೊಡುತ್ತೇನೆ. ಸ್ವಲ್ಪ ಕುಗ್ಗುತ್ತವೆ, ಆದರೆ ಬಿಡುವ ಬಣ್ಣ ತೊಳೆದು ಹೋಗಿರುವುದಿಲ್ಲ. ಹಾಗಾಗಿ ಅವುಗಳಲ್ಲಿ ತಿಳಿ ಬಣ್ಣದವನ್ನು ಮಾತ್ರ ಕೌದಿಗೆ ಇಟ್ಟುಕೊಳ್ಳುತ್ತೇನೆ. ಉಳಿದವು ಸೂಜಿದಿಂಬಿನ ಒಳಗೆ ಸೇರುತ್ತವೆ.